ಸತ್ಯ ದಾಟಬೇಕಾದ ದಣಪೆ

ಶೃಂಗೇರಿಯಿಂದ ಕಿಗ್ಗಕ್ಕೆ ಹೋಗಿ, ಅಲ್ಲಿಯ ಋಷ್ಯಶೃಂಗೇಶ್ವರನಿಗೆ ಕೈಮುಗಿದು, ಇನ್ನೂ ಕೆಲವು ಮೈಲಿ ಕಾಡುದಾರಿ ಹಿಡಿದರೆ ಸಿರಿಮನೆಯ ಜಲಪಾತ ಕಾಣುತ್ತದೆ. ಬಂದವರೆಲ್ಲರೂ ನೀರನ್ನು ನೋಡಿ ಹಿಂದಿರುಗುತ್ತಾರೆ. ದಾರಿಯ ಇಕ್ಕೆಲಗಳ ಅಡಕೆಯ ತೋಟಗಳನ್ನೂ, ತೋಟಕ್ಕೂ ತೋಟಕ್ಕೂ ನಡುವೆ ಗಡಿಯೆಂದು ತೋಡಿದ ಅಗಳುಗಳನ್ನೂ ನೋಡುವವರು ಕಡಮೆ. ಆದರೆ ಮಲೆನಾಡಿನ ವಕೀಲರನ್ನು ಕೇಳಿದರೆ, ತಮ್ಮ ಹೊಟ್ಟೆ ತುಂಬಿಸುವುದು ಜಲಪಾತವಲ್ಲ, ಅಗಳು ಎಂದು ನಕ್ಕು ಹೇಳಿಯಾರು.

ಅಂತಹ ಒಂದು ಅಗಳಿನ ಆಚೆ ಈಚೆ ಎರಡು ಮನೆಗಳಿವೆ ಎಂದು ಊಹಿಸಿಕೊಳ್ಳಬಹುದು. ಎರಡೂ ದಾಯಾದಿಗಳವು. ಮೇಲಿನ ಮನೆ ತುಂಬಿದ ಮನೆ. ಕೆಳಗಿನ ಮನೆಯಲ್ಲಿರುವುದು ಒಬ್ಬ ವಿಧವೆ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಅಗಳಿಗೂ ಹಳ್ಳಕ್ಕೂ ನಡುವೆ ಹತ್ತು ಗುಂಟೆ ತೋಟವಿದೆ. ನಲವತ್ತು ವರ್ಷಗಳಿಂದ ಅದರ ಕೊನೆ ಕೊಯ್ಯಿಸುತ್ತಿದ್ದವರು ಕೆಳಗಿನ ಮನೆಯವರು. ಪಹಣಿಯಲ್ಲಿ, ಒಂಬತ್ತನೆಯ ಅಂಕಣದಲ್ಲಿ, ಇರುವುದು ಮಾತ್ರ ಮೇಲಿನ ಮನೆಯ ಹೆಸರು. ಯಜಮಾನರು ಇರುವಷ್ಟು ದಿನ ಯಾರೂ ಆ ಮಾತು ಎತ್ತಲಿಲ್ಲ. ಅವರು ತೀರಿಕೊಂಡ ಮರುವರ್ಷವೇ ಮೇಲಿನ ಮನೆಯವರು ಅಗಳು ದಾಟಿ ಬೇಲಿ ಹಾಕಿದರು. ಈ ಮನೆ ಯಾವುದೆಂದು ಓದುಗರು ಹುಡುಕಬೇಕಾಗಿಲ್ಲ. ಉದಾಹರಣೆಗೆಂದು ಕಟ್ಟಿದ ಮನೆ ಇದು. ಇಂಥದು ಮಲೆನಾಡಿನ ಯಾವ ಕಣಿವೆಯಲ್ಲಾದರೂ ಇರಬಹುದು.

ಆ ಹೆಂಗಸು ವಕೀಲರ ಮುಂದೆ ಕುಳಿತು ಹೇಳುವ ಮೊದಲ ಮಾತು ಏನಿರಬಹುದು?

"ವಕೀಲರೇ, ನಮ್ಮನೆಯವರು ಪ್ರಾಣ ಬಿಡುವ ಹಿಂದಿನ ರಾತ್ರಿ ನನ್ನ ಕೈ ಹಿಡಿದುಕೊಂಡು ಹೇಳಿದರು: ಆ ತೋಟ ನಮ್ಮದು, ಅಜ್ಜ ದುಡ್ಡು ಕೊಟ್ಟು ತೆಗೆದುಕೊಂಡದ್ದು, ಯಾರಿಗೂ ಬಿಡಬೇಡ ಅಂತ. ಸಾಯುವ ಮನುಷ್ಯ ಸುಳ್ಳು ಹೇಳುತ್ತಾನೆಯೆ?"

ವಕೀಲರು ಒಳ್ಳೆಯವರಾದರೆ ಲೇಖನಿ ಕೆಳಗಿಟ್ಟು ಮೆಲ್ಲಗೆ ಹೇಳುತ್ತಾರೆ: "ಇಲ್ಲ, ಅಮ್ಮಾ. ಸುಳ್ಳಲ್ಲ. ಆದರೆ ಆ ಮಾತನ್ನು ನ್ಯಾಯಾಲಯ ಕೇಳುವುದಿಲ್ಲ."

ಸುಳ್ಳಲ್ಲದ ಮಾತನ್ನು ನ್ಯಾಯಾಲಯವೇಕೆ ಕೇಳಬಾರದು? ಸಾಕ್ಷ್ಯದ ಕಾನೂನು ಸಾಮಾನ್ಯ ಜನರಿಗೆ ಒಗಟಾಗಿ ತೋರುವುದು ಇಲ್ಲಿಯೇ. ಮನೆಯಲ್ಲಿ, ಸಂತೆಯಲ್ಲಿ, ಮದುವೆಯ ಮಾತುಕತೆಯಲ್ಲಿ ಮನುಷ್ಯ ಮೊದಲು ಕೇಳುವುದು "ಇದು ನಿಜವೆ?" ಎಂದು. ನ್ಯಾಯಾಲಯ ಆ ಪ್ರಶ್ನೆಯನ್ನು ಕಡೆಯಲ್ಲಿ ಕೇಳುತ್ತದೆ. ಅದಕ್ಕೆ ಮೊದಲು ಬೇರೆರಡು ಪ್ರಶ್ನೆಗಳಿವೆ: ಈ ಸಂಗತಿಗೂ ವ್ಯಾಜ್ಯಕ್ಕೂ ಸಂಬಂಧವುಂಟೆ? ಉಂಟಾದರೆ, ಅದು ಯಾವ ದಾರಿಯಿಂದ ಇಲ್ಲಿಗೆ ಬಂದಿದೆ?

ಮಲೆನಾಡಿನ ತೋಟಗಳ ಬಾಯಲ್ಲಿ ದಣಪೆ ಎಂಬ ಏರ್ಪಾಟು ಇರುತ್ತದೆ. ಎರಡು ಗೂಟಗಳಲ್ಲಿ ತೂತು ಕೊರೆದು ಅಡ್ಡಲಾಗಿ ಗಳುಗಳನ್ನು ತೂರಿಸಿದ ಬಾಗಿಲು ಅದು. ಮನುಷ್ಯ ಗಳು ಸರಿಸಿ ಒಳಗೆ ಹೋಗಬಹುದು, ದನ ಹೋಗಲಾರದು. ದಣಪೆಗೆ ದನದ ಮೇಲೆ ದ್ವೇಷವೇನೂ ಇಲ್ಲ. ಒಳಗಿರುವ ಎಳೆಯ ಸಸಿಯ ಚಿಂತೆ ಅದಕ್ಕೆ. ಸಾಕ್ಷ್ಯದ ಕಾನೂನೂ ಹಾಗೆಯೇ ನ್ಯಾಯಾಲಯದ ಬಾಯಲ್ಲಿ ಅಡ್ಡ ನಿಂತಿದೆ.

ಈ ದಣಪೆಯನ್ನು ಈಗಿನ ರೂಪದಲ್ಲಿ ಕಟ್ಟಿದವನು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಆಂಗ್ಲ ನ್ಯಾಯವೇತ್ತ. ವೈಸರಾಯರ ಸಭೆಯಲ್ಲಿ ಕಾನೂನು ಸದಸ್ಯನಾಗಿದ್ದ ಅವನು ಸಿದ್ಧಪಡಿಸಿದ ಸಾಕ್ಷ್ಯ ಕಾಯಿದೆ 1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತು. 167 ಕಲಮುಗಳ ಆ ಕಾಯಿದೆ ನೂರೈವತ್ತು ವರ್ಷಗಳಿಗೂ ಮೀರಿ ಬಾಳಿ, 2024ರ ಜುಲೈ 1ರಂದು 170 ಕಲಮುಗಳ ಭಾರತೀಯ ಸಾಕ್ಷ್ಯ ಅಧಿನಿಯಮಕ್ಕೆ ಸ್ಥಳ ಬಿಟ್ಟಿತು. ಹೊಸದನ್ನು ತೆರೆದು ನೋಡಿದವರಿಗೆ ಹಳೆಯ ಮನೆಗೆ ಸುಣ್ಣ ಬಳಿದು, ಕೋಣೆಗಳ ಸಂಖ್ಯೆ ಬದಲಾಯಿಸಿ, ವಿದ್ಯುತ್ತಿನ ತಂತಿ ಎಳೆದಂತೆ ತೋರುತ್ತದೆ. ತೊಲೆ ಕಂಬಗಳು ಸ್ಟೀಫನ್ನನವೇ. ವಿವಾದದಲ್ಲಿರುವ ಸಂಗತಿಗಳ ಬಗ್ಗೆ ಮತ್ತು ಕಾನೂನು ಸುಸಂಗತವೆಂದು ಹೆಸರಿಸಿದ ಸಂಗತಿಗಳ ಬಗ್ಗೆ ಸಾಕ್ಷ್ಯ ಕೊಡಬಹುದು, ಬೇರೆ ಯಾವುದರ ಬಗ್ಗೆಯೂ ಅಲ್ಲ ಎಂಬ ಮೂಲಸೂತ್ರ ಈಗಲೂ ಅಲ್ಲಿದೆ. ಐದನೆಯ ಕಲಮು ಮೂರನೆಯದಾಗಿದೆ, ಅಷ್ಟೆ.

ಸ್ಟೀಫನ್ನನ ಕಾಯಿದೆಗೆ ಒಂದು ಸೊಗಸಿತ್ತು. ನಿಯಮ ಹೇಳಿ ಸುಮ್ಮನಾಗದೆ, ಸಣ್ಣ ಸಣ್ಣ ಉದಾಹರಣೆಗಳನ್ನು ಅದು ಕೆಳಗೆ ಕೊಡುತ್ತಿತ್ತು. ಒಂದು ಹಕ್ಕು ಇದೆಯೆ ಇಲ್ಲವೆ ಎಂಬ ಪ್ರಶ್ನೆ ಬಂದಾಗ ಏನೇನು ಸುಸಂಗತ ಎಂಬುದಕ್ಕೆ ಕೊಟ್ಟಿರುವ ಉದಾಹರಣೆ ಮೀನು ಹಿಡಿಯುವ ಹಕ್ಕಿನದು. ಪೂರ್ವಿಕರಿಗೆ ಆ ಹಕ್ಕು ಕೊಟ್ಟ ಪತ್ರ, ತಂದೆ ಅದನ್ನು ಅಡವಿಟ್ಟದ್ದು, ತಂದೆ ಮೀನು ಹಿಡಿದ ಸಂದರ್ಭಗಳು, ನೆರೆಯವರು ಅದನ್ನು ತಡೆದ ಸಂದರ್ಭಗಳು, ಇವೆಲ್ಲವೂ ಸುಸಂಗತ. ತುಂಗೆಯ ಸ್ನಾನಘಟ್ಟದಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ಶೃಂಗೇರಿಯ ಜನರಿಗೆ ಈ ಉದಾಹರಣೆ ರುಚಿಸಲಾರದು. ಆದರೆ ಮೀನಿನ ಜಾಗದಲ್ಲಿ ಅಡಕೆಯ ಕೊನೆಯನ್ನು ಇಟ್ಟರೆ ಕೆಳಗಿನ ಮನೆಯ ವ್ಯಾಜ್ಯಕ್ಕೆ ಅದು ಅಳತೆ ತೆಗೆದು ಹೊಲಿದಂತೆ ಒಪ್ಪುತ್ತದೆ.

ಈಗ ಗಂಡನ ಕಡೆಯ ಮಾತಿಗೆ ಬರಬೇಕು. ಸಾಯುವವನ ಮಾತಿಗೆ ನ್ಯಾಯಾಲಯದಲ್ಲಿ ವಿಶೇಷ ಬೆಲೆಯುಂಟೆಂದು ಎಲ್ಲರೂ ಕೇಳಿರುತ್ತಾರೆ. ಚಲನಚಿತ್ರಗಳೂ ಅದನ್ನೇ ಕಲಿಸಿವೆ. ಅದು ನಿಜವಾದರೂ, ಆ ಬೆಲೆ ಒಂದೇ ಒಂದು ವಿಷಯಕ್ಕೆ ಸೀಮಿತವಾದದ್ದು. ತನ್ನ ಸಾವಿಗೆ ಏನು ಕಾರಣ, ಯಾವ ಸಂದರ್ಭದಲ್ಲಿ ಸಾವು ಒದಗಿತು ಎಂಬುದನ್ನು ಕುರಿತು ಸತ್ತವನು ಹೇಳಿದ್ದು, ಆ ಸಾವೇ ವಿಚಾರಣೆಯ ವಿಷಯವಾದಾಗ, ಸಾಕ್ಷ್ಯವಾಗುತ್ತದೆ. ತೋಟ ಯಾರದು ಎಂದು ಅವನು ಹೇಳಿದ್ದು ಆ ಬಾಗಿಲಿನಿಂದ ಒಳಗೆ ಬರುವುದಿಲ್ಲ. ಸತ್ತವರ ಮಾತಿಗೆ ಬೇರೆ ಕೆಲವು ಬಾಗಿಲುಗಳೂ ಉಂಟು. ತನ್ನ ಲಾಭಕ್ಕೆ ವಿರುದ್ಧವಾಗಿ ಹೇಳಿದ್ದಾದರೆ ಬರಬಹುದು. ಸ್ವಂತ ನಷ್ಟವಾಗುವ ಸುಳ್ಳನ್ನು ಜನ ಸುಮ್ಮಸುಮ್ಮನೆ ಹೇಳುವುದಿಲ್ಲ. ಇಂಥವನು ಇಂಥವನ ಮಗ ಎಂಬ ಬಂಧುತ್ವದ ವಿಚಾರವಾದರೆ, ಜಗಳ ಹುಟ್ಟುವುದಕ್ಕೆ ಮೊದಲೇ ಹೇಳಿದ್ದಾದರೆ ಬರಬಹುದು. ಊರೊಟ್ಟಿನ ಹಕ್ಕಿನ ಮಾತಾದರೂ ಬರಬಹುದು. ಸಿರಿಮನೆಯ ಕಾಡಿನಿಂದ ಕಿಗ್ಗದ ದೇವಸ್ಥಾನಕ್ಕೆ ಹೋಗುವ ಕಾಲುದಾರಿ ಊರಿನದು ಎಂದು ತೀರಿಹೋದ ಹಿರಿಯರೊಬ್ಬರು, ಆ ದಾರಿಯ ತಕರಾರು ಏಳುವ ಮೊದಲು ಹೇಳುತ್ತಿದ್ದರೆ ನ್ಯಾಯಾಲಯ ಅದನ್ನು ಕೇಳುತ್ತದೆ, ಏಕೆಂದರೆ ಅಂತಹ ದಾರಿಗೆ ಊರಿನ ನೆನಪೇ ಪತ್ರ. ಆದರೆ ಇಬ್ಬರು ದಾಯಾದಿಗಳ ನಡುವಣ ಅಗಳಿಗೆ ಆ ಸೌಲಭ್ಯವಿಲ್ಲ. ಗಂಡ ಹೇಳಿದ್ದು ತನ್ನ ಮನೆಗೆ ಲಾಭವಾಗುವ ಮಾತು. ಅವನೂ ಅದನ್ನು ಅಜ್ಜನಿಂದ ಕೇಳಿದ್ದು. ಈಗ ಅವನನ್ನು ಪಾಟೀಸವಾಲಿಗೆ ನಿಲ್ಲಿಸುವಂತಿಲ್ಲ. "ನೀವು ಕಂಡಿರಾ? ಎಷ್ಟು ಹಣ? ಯಾರ ಎದುರಿಗೆ?" ಎಂದು ಎದುರು ಪಕ್ಷದವರು ಯಾರನ್ನು ಕೇಳಬೇಕು?

ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು ಎಂಬ ನಿಯಮದ ತಿರುಳು ಇಷ್ಟೆ. ಕಂಡ ಸಂಗತಿಯನ್ನು ಕಂಡವನೇ ಹೇಳಬೇಕು, ಕೇಳಿದ ಸಂಗತಿಯನ್ನು ಕೇಳಿದವನೇ ಹೇಳಬೇಕು. ಕಣ್ಣೀರು ಒರೆಸಿಕೊಳ್ಳುತ್ತಿರುವ ಹೆಂಗಸಿಗೆ ಇದು ಕಲ್ಲುಹೃದಯದ ನಿಯಮವೆಂದು ತೋರುವುದು ಸಹಜ. ಆದರೆ ನಾಳೆ ಮೇಲಿನ ಮನೆಯವರೂ ತಮ್ಮ ಅಜ್ಜನ ಕಡೆಯ ಮಾತೊಂದನ್ನು ತಂದರೆ? ಸತ್ತ ಇಬ್ಬರು ಅಜ್ಜಂದಿರನ್ನು ಎದುರುಬದುರು ನಿಲ್ಲಿಸಿ ತೀರ್ಪು ಹೇಳಬಲ್ಲ ನ್ಯಾಯಾಧೀಶ ಯಮನೊಬ್ಬನೇ.

ಹಾಗಾದರೆ ಆಕೆಗೆ ಉಳಿದದ್ದೇನು? ಆಕೆಗೆ ದೊಡ್ಡದಲ್ಲವೆಂದು ತೋರಿದ್ದೇ ವಕೀಲರಿಗೆ ದೊಡ್ಡದು. ಮದುವೆಯಾಗಿ ಆ ಮನೆಗೆ ಬಂದ ವರ್ಷದಿಂದ ಪ್ರತಿ ಸುಗ್ಗಿಯಲ್ಲಿ ಆ ತೋಟದ ಕೊನೆಯನ್ನು ತಮ್ಮ ಅಂಗಳಕ್ಕೆ ತಂದು ಸುಲಿದದ್ದನ್ನು ಆಕೆ ಕಣ್ಣಾರೆ ಕಂಡಿದ್ದಾಳೆ. ಮಳೆಗಾಲಕ್ಕೆ ಮೊದಲು ಕೊಟ್ಟೆ ಕಟ್ಟಿಸಿ ಔಷಧ ಹೊಡೆಸಿದ ಕೂಲಿಯನ್ನು ಆಕೆಯೇ ಎಣಿಸಿ ಕೊಟ್ಟಿದ್ದಾಳೆ. ಮರ ಹತ್ತಿದ ಕೊನೆಗಾರ ಇನ್ನೂ ಬದುಕಿದ್ದಾನೆ. ಅವನಿಗೆ ಓದು ಬಾರದು, ತಾರೀಖು ಹೇಳಲಾರ. ಆದರೆ ಯಾವ ಮರದಲ್ಲಿ ನಿಂತು ಯಾರ ಮನೆಗೆ ಕೊನೆ ಇಳಿಸಿದೆ ಎಂಬುದನ್ನು ಅವನು ಹೇಳಬಲ್ಲ. ಒಂದು ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಬೇಕೆಂದು ನಮ್ಮ ಕಾನೂನು ಎಣಿಸಿ ಹೇಳುವುದಿಲ್ಲ. ಪಾಟೀಸವಾಲಿನಲ್ಲಿ ಅಲುಗದ ಒಬ್ಬ ಕೊನೆಗಾರ, ಊರೆಲ್ಲ ಹೇಳುವುದನ್ನು ಕೇಳಿದ್ದೇವೆ ಎನ್ನುವ ಹತ್ತು ಮಂದಿ ಗಣ್ಯರಿಗಿಂತ ಹೆಚ್ಚು ತೂಗುತ್ತಾನೆ.

ಇಲ್ಲಿ ಎರಡು ಪೂರ್ವಭಾವನೆಗಳು ಎದುರಾಗುತ್ತವೆ. ಪಹಣಿಯ ನಮೂದನ್ನು, ತಪ್ಪೆಂದು ತೋರಿಸುವವರೆಗೆ, ಸರಿಯೆಂದೇ ಭಾವಿಸಬೇಕು ಎನ್ನುತ್ತದೆ 1964ರ ಕರ್ನಾಟಕ ಭೂಕಂದಾಯ ಕಾಯಿದೆ. ಒಬ್ಬರು ಸ್ವಾಧೀನದಲ್ಲಿರುವುದು ಕಂಡುಬಂದರೆ, ಅವರು ಒಡೆಯರಲ್ಲ ಎಂದು ತೋರಿಸುವ ಹೊಣೆ ಹಾಗೆನ್ನುವವರದು ಎನ್ನುತ್ತದೆ ಸಾಕ್ಷ್ಯದ ಕಾನೂನು. ಮೊದಲನೆಯದು ಮೇಲಿನ ಮನೆಯ ಪರ, ಎರಡನೆಯದು ಕೆಳಗಿನ ಮನೆಯ ಪರ. ತಕ್ಕಡಿ ಹೀಗೆ ಸರಿಸಮ ನಿಂತಿರುವಾಗ ಅಟ್ಟದ ಮೇಲಿನ ಮರದ ಪೆಟ್ಟಿಗೆಯಿಂದ ಒಂದು ಕಡತ ಕೆಳಗಿಳಿಯುತ್ತದೆ.

ಕಚೇರಿಗಳಲ್ಲಿ ಇಂದು ಕಡತವೆಂದರೆ ಕಾಗದಗಳ ಕಟ್ಟು. ಹೆಸರು ಬಂದದ್ದು ಮಾತ್ರ ಬೇರೊಂದು ವಸ್ತುವಿನಿಂದ. ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಎರಡೂ ಮಗ್ಗುಲಿಗೆ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಎರಡು ತುದಿಗೂ ಮರದ ಹಲಗೆ ಕಟ್ಟಿದರೆ ಕಡತವಾಯಿತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕನ್ನಡ ನಾಡಿನ ವರ್ತಕರು, ಶಾನುಭೋಗರು, ಮಠಗಳು ಲೆಕ್ಕಪತ್ರ ಇಟ್ಟದ್ದು ಇದರಲ್ಲಿಯೇ. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳ ದೊಡ್ಡ ಭಂಡಾರವೇ ಇದೆ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ರಾ. ನರಸಿಂಹಾಚಾರ್ಯರು ಆ ಮಠದ ದಾಖಲೆಗಳನ್ನು ಶೋಧಿಸಿದಾಗ ಟಿಪ್ಪು ಸುಲ್ತಾನನು ಅಂದಿನ ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿ ಕಳುಹಿದ ಪತ್ರಗಳು ಬೆಳಕಿಗೆ ಬಂದುವು. 1791ರಲ್ಲಿ ಮರಾಠಾ ಸೈನ್ಯದವರಿಂದ ಮಠ ಲೂಟಿಯಾದ ದುರಂತಕ್ಕೆ ಸಂಬಂಧಿಸಿದ ಪತ್ರಗಳೂ ಅವುಗಳಲ್ಲಿದ್ದುವು. ಆ ಪತ್ರಗಳು ಯಾವುದೋ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದರೆ ವಿದ್ವಾಂಸರು ಸಂಶಯಪಟ್ಟು ನೂರು ಪ್ರಶ್ನೆ ಕೇಳುತ್ತಿದ್ದರು. ಅವು ಸಿಕ್ಕಿದ್ದು, ಯಾರಿಗೆ ಬರೆದವೋ ಅವರ ಮಠದಲ್ಲಿ.

ಕಾನೂನು ಇದನ್ನೇ ಸರಿಯಾದ ಸುಪರ್ದು ಎನ್ನುತ್ತದೆ. ಮೂವತ್ತು ವರ್ಷ ದಾಟಿದ ಪತ್ರವೊಂದು ಸಹಜವಾಗಿ ಎಲ್ಲಿ ಇರಬೇಕೋ ಅಲ್ಲಿಂದಲೇ ಬಂದಿದ್ದರೆ, ಅದರ ಕೈಬರಹ ಮತ್ತು ರುಜು ಯಾರದೆಂದು ತೋರುತ್ತದೆಯೋ ಅವರದೇ ಎಂದು ನ್ಯಾಯಾಲಯ ಭಾವಿಸಬಹುದು. ಹಿಂದೆ 90ನೆಯ ಕಲಮಾಗಿದ್ದ ಈ ನಿಯಮ ಈಗ 92ನೆಯದು. ಬರೆದವರೂ ಸಾಕ್ಷಿ ಹಾಕಿದವರೂ ಬದುಕಿ ಉಳಿದಿರುವುದು ಅಷ್ಟು ಕಾಲದ ಮೇಲೆ ಅಪರೂಪ. ಆದ್ದರಿಂದ ಈ ಔದಾರ್ಯ. ಆದರೆ "ಭಾವಿಸಬಹುದು" ಎಂದಿದೆಯೇ ಹೊರತು "ಭಾವಿಸಬೇಕು" ಎಂದಿಲ್ಲ. ಅದು ಬರೆದ ಕೈ ಯಾರದೆಂಬ ಬಗ್ಗೆ ಮಾತ್ರ, ಬರೆದದ್ದೆಲ್ಲ ನಿಜವೆಂದಲ್ಲ. ಮೂಲಪತ್ರಕ್ಕೆ ಸಲ್ಲುವ ಈ ಮರ್ಯಾದೆ ಅದರ ನಕಲಿಗೆ ಸಲ್ಲದು ಎಂದು ಪ್ರೀವಿ ಕೌನ್ಸಿಲು 1935ರಲ್ಲಿಯೇ ಹೇಳಿದೆ.

ಕೆಳಗಿನ ಮನೆಯ ಕಡತದಲ್ಲಿ ಬೇಕಾದ ನಮೂದು ಇದೆ. ಮೇಲಿನ ಮನೆಯ ಮುತ್ತಜ್ಜನಿಗೆ ನೂರೈವತ್ತು ರೂಪಾಯಿ ಕೊಟ್ಟದ್ದು, ಅಗಳಿನಿಂದ ಹಳ್ಳದವರೆಗಿನ ತೋಟ ಬಂದದ್ದು, ಎರಡೂ ಇವೆ. ಹೆಂಗಸಿನ ಮುಖ ಅರಳುತ್ತದೆ. ವಕೀಲರ ಮುಖ ಅಷ್ಟು ಬೇಗ ಅರಳುವುದಿಲ್ಲ. ಕ್ರಮಬದ್ಧವಾಗಿ ಇಟ್ಟ ಲೆಕ್ಕದ ಪುಸ್ತಕದ ನಮೂದು ಸುಸಂಗತ, ನಿಜ. ಆದರೆ ಅದೊಂದರಿಂದಲೇ ಇನ್ನೊಬ್ಬರ ಮೇಲೆ ಹೊಣೆ ಹೊರಿಸಲಾಗದು ಎಂದು ಅದೇ ಕಲಮು ಮುಂದಿನ ಉಸಿರಿನಲ್ಲಿ ಹೇಳುತ್ತದೆ. ತನಗೆ ಬರಬೇಕಾದ ಹಣವನ್ನು ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಳ್ಳುವುದಕ್ಕೆ ಯಾರ ಅಡ್ಡಿಯಿದೆ? 1990ರ ದಶಕದಲ್ಲಿ ದೇಶವನ್ನು ಕಲಕಿದ ಹವಾಲಾ ಮೊಕದ್ದಮೆ 1998ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗ್ಗರಿಸಿದ್ದು ಇಂತಹ ನಮೂದುಗಳನ್ನು ನೆಚ್ಚಿಕೊಂಡದ್ದರಿಂದಲೇ. ಆದರೆ ಕಡತದ ಆ ಸಾಲಿನ ಕೆಳಗೆ ಮೇಲಿನ ಮನೆಯ ಮುತ್ತಜ್ಜನ ರುಜುವೂ ಇದ್ದರೆ ಸಂಗತಿ ಬೇರೆಯಾಗುತ್ತದೆ. ಆಗ ಅದು ಒಬ್ಬನು ತನ್ನ ಹಕ್ಕಿಗೆ ವಿರುದ್ಧವಾಗಿ ತಾನೇ ಒಪ್ಪಿ ಬರೆದ ಮಾತು. ಅವನಿಂದ ಆಸ್ತಿ ಪಡೆದವರ ವಿರುದ್ಧ ಆ ಮಾತು ಬಾಗಿಲಲ್ಲಿ ತಡೆಯಿಲ್ಲದೆ ಒಳಗೆ ಬರುತ್ತದೆ.

ರುಜು ಇದೆ ಎಂದೇ ಇಟ್ಟುಕೊಳ್ಳೋಣ. ಕಷ್ಟ ಬೇರೊಂದಿದೆ. ತೋಟ ಬಂದದ್ದು "ಕ್ರಯಕ್ಕೆ" ಎಂದಿದೆಯೆ, "ಭೋಗ್ಯಕ್ಕೆ" ಎಂದಿದೆಯೆ? ಬಟ್ಟೆ ಮಡಿಸಿದ ಗೆರೆ ಆ ಪದದ ಮೇಲೆಯೇ ಹಾದುಹೋಗಿ ಬಳಪ ಅಳಿಸಿದೆ. ಕಡತದ ಗುಣವೂ ದೋಷವೂ ಒಂದೇ: ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಕ್ರಯವಾದರೆ ತೋಟ ಕೆಳಗಿನ ಮನೆಯದು, ಮುಗಿಯಿತು. ಭೋಗ್ಯವಾದರೆ, ನೂರು ವರ್ಷವಾದರೂ, ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕು ಮೇಲಿನ ಮನೆಗೆ ಉಳಿದಿರಬಹುದು. ಭೋಗ್ಯದ ಅಡಮಾನದಲ್ಲಿ ಮೂವತ್ತು ವರ್ಷ ಕಳೆದ ಮಾತ್ರಕ್ಕೆ ಆ ಹಕ್ಕು ಸಾಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಮಾನಿಸಿದೆ. ಹತ್ತು ಗುಂಟೆ ತೋಟ ಒಂದು ಅಳಿಸಿದ ಪದದ ಮೇಲೆ ನಿಂತಿದೆ.

ಇಂತಹ ಘಟ್ಟದಲ್ಲಿ ಊರಿನ ಹಿರಿಯರು ಬೇರೆ ದಾರಿ ತೋರಿಸುವುದುಂಟು. ಮೇಲಿನ ಮನೆಯ ಯಜಮಾನರೇ ಹೇಳಬಹುದು: "ಅತ್ತಿಗೆ ಕಿಗ್ಗದ ದೇವರ ಮುಂದೆ ನಿಂತು ಅದು ಕ್ರಯವೇ ಎಂದು ಪ್ರಮಾಣ ಮಾಡಲಿ. ನಾನು ಬೇಲಿ ಕಿತ್ತುಕೊಂಡು ಹೋಗುತ್ತೇನೆ."

ಇದು ಬಹಳ ಹಳೆಯ ದಾರಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾದದ್ದು ಎಲ್ಲರಿಗೂ ಗೊತ್ತು. ಅದರಲ್ಲಿ ಸಾಕ್ಷ್ಯದ ವಿಚಾರವೂ ವಿಸ್ತಾರವಾಗಿದೆ ಎಂಬುದು ಅಷ್ಟು ಪ್ರಸಿದ್ಧವಲ್ಲ. ಪ್ರಮಾಣಗಳು ಮೂರು: ಬರಹ, ಅನುಭೋಗ, ಸಾಕ್ಷಿಗಳು. ಈ ಮೂರರಲ್ಲಿ ಒಂದೂ ಇಲ್ಲದಾಗ ಮಾತ್ರ ದಿವ್ಯ. ಅನುಭೋಗಕ್ಕಿಂತ ಅದರ ಮೂಲವಾದ ಹಕ್ಕು ಹೆಚ್ಚಿನದು, ಆದರೆ ತಲೆಮಾರುಗಳಿಂದ ಬಂದ ಅನುಭೋಗದ ಮಾತು ಬೇರೆ ಎಂಬ ವಿವೇಚನೆಯೂ ಅಲ್ಲಿದೆ. ಶೃಂಗೇರಿಯ ಪರಿಸರಕ್ಕೆ ಇನ್ನೂ ಹತ್ತಿರದ ಗ್ರಂಥ ಪರಾಶರಮಾಧವೀಯ. ಪರಾಶರ ಸ್ಮೃತಿಯಲ್ಲಿ ವ್ಯವಹಾರಕಾಂಡವೇ ಇಲ್ಲ. ವ್ಯಾಖ್ಯಾನ ಬರೆದ ಮಾಧವಾಚಾರ್ಯರು ಅದನ್ನು ತಾವೇ ಸೇರಿಸಿದರು. ಅವರೂ ಶೃಂಗೇರಿಯ ವಿದ್ಯಾರಣ್ಯರೂ ಒಬ್ಬರೇ ಎಂದು ಸಂಪ್ರದಾಯ ನಂಬುತ್ತದೆ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು.

ದಿವ್ಯ ಬರಿಯ ಗ್ರಂಥದ ಮಾತಾಗಿರಲಿಲ್ಲ. ಗೋವೆಯ ಕದಂಬರ ಕಾಲದ, ಹನ್ನೆರಡನೆಯ ಶತಮಾನದ ಕಿತ್ತೂರಿನ ಶಾಸನವೊಂದು ಒಂದು ಹೊಲಕ್ಕಾಗಿ ಎರಡು ದೇವಾಲಯಗಳ ಆಚಾರ್ಯರು ಹೋರಾಡಿದ ಕಥೆಯನ್ನು ಹೇಳುತ್ತದೆ. ತೀರ್ಮಾನವಾದದ್ದು ಫಾಲದಿವ್ಯದಿಂದ. ಕಾಯಿಸಿದ ನೇಗಿಲಿನ ಗುಳವನ್ನು ಹಿಡಿದವನ ಕೈಯನ್ನು ಮರುದಿನ ಪರೀಕ್ಷಿಸಿ ಹೊಲ ಯಾರದೆಂದು ಹೇಳಿದರು. ಕೈ ಸುಟ್ಟಿದ್ದರೆ ಹೊಲ ಆ ಕಡೆಗೆ, ಸುಡದಿದ್ದರೆ ಈ ಕಡೆಗೆ.

ಬ್ರಿಟಿಷರ ಕಾನೂನು ಬಂದೊಡನೆ ಇದೆಲ್ಲ ಮುಗಿದುಹೋಯಿತೆಂದು ಭಾವಿಸಿದರೆ ತಪ್ಪಾಗುತ್ತದೆ. ಗುಳ ಹೋಯಿತು, ಆಣೆ ಉಳಿಯಿತು. 1873ರ ಪ್ರಮಾಣಗಳ ಕಾಯಿದೆಯಲ್ಲಿ ಒಂದು ವಿಚಿತ್ರವಾದ ಅವಕಾಶವಿತ್ತು. ಎದುರಾಳಿ ತನ್ನ ಮತದ ರೀತಿಯಲ್ಲಿ ವಿಶೇಷ ಪ್ರಮಾಣ ಮಾಡಿ ಹೇಳಿದರೆ ಅದಕ್ಕೆ ತಾನು ಕಟ್ಟುಬೀಳುತ್ತೇನೆಂದು ಒಬ್ಬ ಕಕ್ಷಿಗಾರ ಒಪ್ಪಬಹುದಾಗಿತ್ತು. ಎದುರಾಳಿ ಪ್ರಮಾಣ ಮಾಡಿ ಹೇಳಿದ ಮೇಲೆ, ಒಪ್ಪಿದವನ ಮಟ್ಟಿಗೆ ಅದೇ ಕಡೆಯ ರುಜುವಾತು, ಮೇಲೆ ಮಾತಿಲ್ಲ. ಮೂರನೆಯವರಿಗೆ ಕೇಡು ತಟ್ಟುವಂತಹ ಆಣೆಗೆ ಮಾತ್ರ ಅವಕಾಶವಿರಲಿಲ್ಲ, ಆದ್ದರಿಂದ ಮಕ್ಕಳ ತಲೆ ಮುಟ್ಟುವಂತಿರಲಿಲ್ಲ. ಸುಮಾರು ನೂರು ವರ್ಷ ನಡೆದ ಈ ಪದ್ಧತಿಯನ್ನು 1969ರ ಪ್ರಮಾಣಗಳ ಕಾಯಿದೆ ಕೈಬಿಟ್ಟಿತು. ಆದ್ದರಿಂದ ಮೇಲಿನ ಮನೆಯ ಯಜಮಾನರ ಸವಾಲಿಗೆ ಕಿ‍ಗ್ಗದ ಜಗಲಿಯಲ್ಲಿ ಬೆಲೆ ಇರಬಹುದು, ಆಕೆ ಹೆದರದೆ ಪ್ರಮಾಣ ಮಾಡಿದರೆ ಅವರು ಮಾತಿಗೆ ನಿಂತು ರಾಜಿಯೂ ಆಗಬಹುದು. ಆದರೆ ನ್ಯಾಯಾಲಯ ಆ ಪ್ರಮಾಣವೊಂದನ್ನೇ ನೆಚ್ಚಿ ತೀರ್ಪು ಕೊಡದು. ಆಕೆಯಾದರೂ ಯಾವುದರ ಮೇಲೆ ಪ್ರಮಾಣ ಮಾಡಬೇಕು? ತಾನು ಹುಟ್ಟುವ ಮೊದಲೇ ನಡೆದ ವ್ಯವಹಾರದ ಮೇಲೆ, ಅಳಿಸಿದ ಒಂದು ಪದದ ಮೇಲೆ.

ದಿವ್ಯದ ಆಸೆ ಹಳ್ಳಿಯ ಜನರದು ಮಾತ್ರ ಎಂದು ಪಟ್ಟಣದವರು ನಗುವಂತಿಲ್ಲ. ಈ ಶತಮಾನದ ಆರಂಭದಲ್ಲಿ ಬೆಂಗಳೂರು ಒಂದು ಹೊಸ ದಿವ್ಯಕ್ಕೆ ಹೆಸರಾಗಿತ್ತು. ಸೋಡಿಯಂ ಪೆಂಟೊಥಾಲ್ ಎಂಬ ಔಷಧವನ್ನು ಆರೋಪಿಯ ನರಕ್ಕೆ ಚುಚ್ಚಿ, ಅರೆಮಂಪರಿನಲ್ಲಿ ಪ್ರಶ್ನೆ ಕೇಳಿ, ಬಾಯಿಂದ ಬಂದದ್ದನ್ನು ಚಿತ್ರೀಕರಿಸುವ ಮಂಪರು ಪರೀಕ್ಷೆ ಅದು. ನಕಲಿ ಛಾಪಾ ಕಾಗದದ ಹಗರಣದ ಅಬ್ದುಲ್ ಕರೀಂ ತೆಲಗಿಯನ್ನು 2003ರಲ್ಲಿ ಬೆಂಗಳೂರಿನಲ್ಲಿ ಇಂತಹ ಪರೀಕ್ಷೆಗೆ ಗುರಿಪಡಿಸಿದರು. ಆ ದೃಶ್ಯಗಳು ಮುಂದೆ ದೂರದರ್ಶನದ ವಾಹಿನಿಗಳಲ್ಲಿಯೂ ಬಂದುವು. ನೋಡಿದವರಿಗೆ ಸತ್ಯವೇ ಮಲಗಿ ಮಾತನಾಡುತ್ತಿರುವಂತೆ ತೋರಿತು. ಮಂಪರಿನಲ್ಲಿರುವ ಮನುಷ್ಯ ನಿಜ ಹೇಳುತ್ತಾನೆಯೆ, ಕೇಳುವವನು ಬಯಸಿದ್ದನ್ನು ಹೇಳುತ್ತಾನೆಯೆ, ಕನವರಿಸುತ್ತಾನೆಯೆ ಎಂದು ಬೇರ್ಪಡಿಸುವ ಸಾಧನ ಮಾತ್ರ ಯಾರಲ್ಲಿಯೂ ಇರಲಿಲ್ಲ.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಹೆಸರಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ 2010ರ ಮೇ 5ರಂದು ಈ ಬಾಗಿಲು ಮುಚ್ಚಿತು. ಮಂಪರು ಪರೀಕ್ಷೆಯನ್ನಾಗಲಿ, ಸುಳ್ಳು ಪತ್ತೆ ಯಂತ್ರವನ್ನಾಗಲಿ, ಮೆದುಳಿನ ನಕ್ಷೆಯನ್ನಾಗಲಿ ಯಾರ ಮೇಲೂ ಅವರ ಇಚ್ಛೆಗೆ ವಿರುದ್ಧವಾಗಿ ಪ್ರಯೋಗಿಸಕೂಡದು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲಾತ್ಕರಿಸಬಾರದೆಂಬ ಸಂವಿಧಾನದ 20ನೆಯ ವಿಧಿಗೆ ಅದು ವಿರುದ್ಧ. ಸ್ವಇಚ್ಛೆಯಿಂದ ಒಳಗಾದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ನೆರವಿನಿಂದ ಮುಂದೆ ಏನಾದರೂ ವಸ್ತು ಪತ್ತೆಯಾದರೆ ಆ ಪತ್ತೆ ಮಾತ್ರ ಗ್ರಾಹ್ಯವಾಗಬಹುದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೂ ಕಾನೂನು ಮೊದಲಿನಿಂದ ಇದೇ ಅಳತೆ ಇಟ್ಟಿದೆ. ಒಪ್ಪಿಗೆಯ ಮಾತು ಹೊರಗೆ. ಆ ಮಾತು ಹಿಡಿದು ಹೋದಾಗ ಸಿಕ್ಕ ಕತ್ತಿ, ಒಡವೆ, ಹೂತ ದೇಹ, ಅವುಗಳಿಗೆ ಸಂಬಂಧಿಸಿದಷ್ಟು ಮಾತು ಒಳಗೆ.

ಸಿರಿಮನೆಯ ವ್ಯಾಜ್ಯದಲ್ಲಿ ಇನ್ನು ಉಳಿದಿರುವುದು ಕೆಲವು ಕಾಗದಗಳು, ಒಂದು ಕೈಫೋನು. ಗಂಡ ಮತ್ತು ಅವನ ತಮ್ಮಂದಿರು 1962ರಲ್ಲಿ ಬಿಳಿಯ ಹಾಳೆಯ ಮೇಲೆ ಬರೆದುಕೊಂಡ ಪಾಲುಪಟ್ಟಿಯಲ್ಲಿ ಈ ಹತ್ತು ಗುಂಟೆಯೂ ಇದೆ. ಮೇಲಿನ ಮನೆಯವರು ಅದಕ್ಕೆ ರುಜು ಹಾಕಿಲ್ಲವಾದ್ದರಿಂದ ಅದು ಅವರನ್ನು ಕಟ್ಟಿಹಾಕದು. ಆದರೂ ಅಷ್ಟು ಹಿಂದೆಯೇ ಕೆಳಗಿನ ಮನೆ ಆ ತೋಟವನ್ನು ತನ್ನದೆಂದು ಹಂಚಿಕೊಂಡಿತ್ತೆಂಬುದು ಮೀನಿನ ಉದಾಹರಣೆಯ ತಂದೆಯ ಅಡಮಾನದಂತೆಯೇ ಸುಸಂಗತ. ಪಟ್ಟಣದ ಓದುಗರ ಮನೆಗಳಲ್ಲಿಯೂ ಇಂತಹ ಪಾಲುಪಟ್ಟಿಗಳಿರುತ್ತವೆ. ಬಾಯಿಮಾತಿನಲ್ಲಿ ಮೊದಲೇ ಆದ ವಿಭಾಗವನ್ನು ನೆನಪಿಗೆಂದು ಬರೆದಿಟ್ಟದ್ದಾದರೆ ನೋಂದಣಿ ಬೇಕಿಲ್ಲ. ಆ ಕಾಗದವೇ ವಿಭಾಗ ಮಾಡಿದ್ದಾದರೆ ನೋಂದಣಿಯೂ ಬೇಕು, ಛಾಪಾ ಶುಲ್ಕವೂ ಬೇಕು. ನೋಂದಣಿಯಿಲ್ಲದ ಪತ್ರವನ್ನು ಸ್ವಾಧೀನ ಎಂತಹುದು ಎಂಬಂತಹ ಪಕ್ಕದ ವಿಷಯಕ್ಕಾದರೂ ನೋಡಬಹುದು. ಛಾಪಾ ಶುಲ್ಕ ಸಾಲದ ಪತ್ರವನ್ನು ಯಾವುದಕ್ಕೂ ನೋಡುವಂತಿಲ್ಲ. ಆದರೆ ಕೊರತೆಯನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದರೆ ಆ ಬಾಗಿಲು ತೆರೆಯುತ್ತದೆ. ಹಣಕ್ಕೆ ತೆರೆದುಕೊಳ್ಳುವ ದಣಪೆ ಇದೊಂದೇ.

ಮಗ ಬೆಂಗಳೂರಿನಿಂದ ಬಂದವನು ಕೈಫೋನಿನಲ್ಲಿ ಬೇಲಿ ಹಾಕುತ್ತಿದ್ದುದನ್ನು ಚಿತ್ರ ತೆಗೆದಿದ್ದಾನೆ. ಆ ಫೋನನ್ನೇ ನ್ಯಾಯಾಲಯದಲ್ಲಿ ಹಾಜರುಪಡಿಸಿ ಅವನೇ ಸಾಕ್ಷಿ ಹೇಳಿದರೆ ತೊಡಕಿಲ್ಲ. ನಕಲು ಮಾಡಿ ತಂದರೆ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಮೊದಲು ಮರೆತರೂ ಮುಂದೆ ಕೊಡಬಹುದೆಂದು ಕರ್ನಾಟಕದ್ದೇ ಆದ ಹಿರೇಮಠ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. ಮೇಲಿನ ಮನೆಯವರು ಕುಡುಕರು, ಬೇರೆಯವರ ಅಗಳನ್ನೂ ಒತ್ತಿದ್ದಾರೆ ಎಂದು ಅವನು ಸೇರಿಸಲು ಹೊರಟರೆ ವಕೀಲರು ತಡೆಯುತ್ತಾರೆ. ದಿವಾಣಿ ವ್ಯಾಜ್ಯದಲ್ಲಿ ಗುಣನಡತೆಯಿಂದ ತೋಟದ ಒಡೆತನ ತೀರ್ಮಾನವಾಗುವುದಿಲ್ಲ. ಕುಡುಕನಿಗೂ ಗಡಿಯುಂಟು.

ವಿಚಾರಣೆಯ ದಿನ ಹೆಂಗಸು ಕಟಕಟೆಯಲ್ಲಿ ನಿಲ್ಲುತ್ತಾಳೆ. ಕಲಿಸಿದ್ದೆಲ್ಲ ಮರೆತು ಮೊದಲು ಗಂಡನ ಕಡೆಯ ಮಾತನ್ನೇ ಹೇಳುತ್ತಾಳೆ. ಎದುರು ವಕೀಲರು ಎದ್ದು ಆಕ್ಷೇಪಿಸುತ್ತಾರೆ. ಇಂತಹ ಆಕ್ಷೇಪಗಳಿಗೆ ಒಂದೊಂದು ಸಲವೂ ವಿಚಾರಣೆ ನಿಲ್ಲಿಸದೆ, ಅದನ್ನು ಬರೆದಿಟ್ಟುಕೊಂಡು ಕಡೆಯಲ್ಲಿ ತೀರ್ಮಾನಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಮಾರ್ಗ ಹಾಕಿಕೊಟ್ಟಿದೆ. ಛಾಪಾ ಶುಲ್ಕದ ಆಕ್ಷೇಪವನ್ನು ಮಾತ್ರ ಅಲ್ಲಿಯೇ ಬಗೆಹರಿಸಬೇಕು. ನ್ಯಾಯಾಧೀಶರು ಆಕ್ಷೇಪವನ್ನು ಬರೆದುಕೊಂಡು, "ಅಮ್ಮಾ, ನೀವು ಕಣ್ಣಾರೆ ಕಂಡದ್ದು ಹೇಳಿ" ಎನ್ನುತ್ತಾರೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮದುವೆಯಾದ ವರ್ಷದ ಸುಗ್ಗಿಯಿಂದ ಶುರುಮಾಡುತ್ತಾಳೆ. ಯಾವ ಸಾಲಿನ ಮರಗಳು ಕೊಳೆರೋಗಕ್ಕೆ ಹೋದವು, ಯಾವುವನ್ನು ಕಡಿಸಿ ಮತ್ತೆ ಸಸಿ ನೆಡಿಸಿದ್ದು, ಹಳ್ಳದ ನೀರು ನುಗ್ಗಿದ ವರ್ಷ ಕಲ್ಲು ಕಟ್ಟಿಸಿದ್ದು ಯಾರು, ಎಲ್ಲವೂ ಬರುತ್ತದೆ. ಬೆರಳಚ್ಚುಗಾರನ ಕೈ ಬಿಡುವಿಲ್ಲದೆ ಓಡುತ್ತದೆ. ಮೇಲಿನ ಮನೆಯ ಯಜಮಾನರು ತಲೆ ತಗ್ಗಿಸಿ ಕುಳಿತಿದ್ದಾರೆ. ಕಲ್ಲು ಕಟ್ಟುವ ದಿನ ಅವರೂ ಅಲ್ಲಿದ್ದು ಕೈಹಾಕಿದ್ದರು.

ಆಮೇಲೆ ಕಡತದ ಸರದಿ. ಅದು ಅಟ್ಟದ ಯಾವ ಪೆಟ್ಟಿಗೆಯಲ್ಲಿತ್ತು, ಬೀಗದ ಕೈ ಯಾರ ಬಳಿ ಇರುತ್ತಿತ್ತು, ಕೆಳಗಿಳಿಸಿದವರು ಯಾರು ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಾರೆ. ಆಕ್ಷೇಪಣೆಗೆ ಒಳಪಟ್ಟು ಅದಕ್ಕೆ ನಿಶಾನೆ ಹಾಕಲು ಆಜ್ಞೆಯಾಗುತ್ತದೆ. ಗುಮಾಸ್ತನು ಮೊಹರು ಹಿಡಿದು ಹಲಗೆ ಬಿಚ್ಚಿ ನೋಡುತ್ತಾನೆ. ಒಳಗೆಲ್ಲ ಕಪ್ಪು ಬಟ್ಟೆ. ಅದರ ಮೇಲೆ ನೀಲಿ ಶಾಯಿ ಕಾಣದು, ಬೆರಳು ತಾಗಿದರೆ ಅಕ್ಷರ ಅಳಿಸೀತು. ಕಡೆಗೆ ಒಂದು ಚೂರು ಬಿಳಿಯ ಕಾಗದದ ಮೇಲೆ "ನಿ.ಪಿ. 4" ಎಂದು ಬರೆದು, ಮೊಹರು ಒತ್ತಿ, ದಾರದಿಂದ ಹಲಗೆಗೆ ಕಟ್ಟಿ, ಎರಡೂ ಕೈಗಳಲ್ಲಿ ಎತ್ತಿ ನ್ಯಾಯಾಧೀಶರ ಮೇಜಿನ ಮೇಲೆ ಇಡುತ್ತಾನೆ. ಅವರು ಕನ್ನಡಕ ಹಾಕಿಕೊಂಡು, ಮಡಿಕೆ ಹಾದುಹೋದ ಆ ಪದವನ್ನು ಕಿಟಕಿಯ ಬೆಳಕಿಗೆ ಓರೆಮಾಡಿ ಹಿಡಿಯುತ್ತಾರೆ.